ಕಂಪ್ಯೂಟರ್ ಸದ್ದು ಮಾಡದಿದ್ದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡೆಸ್ಕ್‌ಟಾಪ್‌ಗೆ ಹೊಸ ಮಾನಿಟರ್ ತಂದು ಎಚ್‌ಡಿಎಂಐ ಕೇಬಲ್ ಹಾಕಿದೆವು. ಅಂದಿನಿಂದ ಸ್ಪೀಕರ್‌ನಲ್ಲಿ ಸದ್ದೇ ಇಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದ್ದಾರೆ. ಮಾಡಿಸೋಣವೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ಮಾನಿಟರ್ ಜೋಡಿಸಿದ ಮೇಲೆ ವಿಂಡೋಸ್ ಎಷ್ಟೋ ಸಲ ಧ್ವನಿಯನ್ನು ತಾನೇ ಅತ್ತ ತಿರುಗಿಸಿಬಿಡುತ್ತದೆ. ಆ ಮಾನಿಟರ್‌ನಲ್ಲಿ ಸ್ಪೀಕರ್ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಪರದೆಯ ಕೆಳಗೆ ಬಲಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ. ವಿಂಡೋಸ್ 11ರಲ್ಲಿ ವಾಲ್ಯೂಮ್ ಪಟ್ಟಿಯ ಬಲಕ್ಕಿರುವ ಗುಂಡಿಯನ್ನೂ, ವಿಂಡೋಸ್ 10ರಲ್ಲಿ ಪಟ್ಟಿಯ ಮೇಲಿರುವ ಸಾಧನದ ಹೆಸರನ್ನೂ ಒತ್ತಿದರೆ ಆಯ್ಕೆಗಳು ತೆರೆದುಕೊಳ್ಳುತ್ತವೆ. ‘ಸ್ಪೀಕರ್ಸ್’ ಎಂದು ಇರುವುದನ್ನು (ಪಕ್ಕದಲ್ಲಿ ಸಾಮಾನ್ಯವಾಗಿ ರಿಯಲ್‌ಟೆಕ್ ಎಂದಿರುತ್ತದೆ) ಆರಿಸಿ. ಹೆಚ್ಚಿನವರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಧ್ವನಿ ಎಲ್ಲಿ ಕಳೆದುಹೋಗುತ್ತಿದೆ ಎಂದು ನೋಡಿ. ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ‘ಎಂ-ಎಂ-ಎಸ್-ವೈ-ಎಸ್ ಡಾಟ್ ಸಿ-ಪಿ-ಎಲ್’ ಎಂದು ಇಂಗ್ಲಿಷಿನಲ್ಲಿ ಒಟ್ಟಾಗಿ ಟೈಪ್ ಮಾಡಿ ಎಂಟರ್ ಕೊಡಿ. ತೆರೆಯುವ ಪ್ಲೇಬ್ಯಾಕ್ ಪಟ್ಟಿಯಲ್ಲಿ ಸ್ಪೀಕರ್ ಕಾಣದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಶೋ ಡಿಸೇಬಲ್ಡ್ ಡಿವೈಸಸ್’ ಹಾಕಿ. ಸ್ಪೀಕರ್ ಮಸುಕಾಗಿ ಕಂಡರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ಕೊಡಿ. ಈಗ ಒಂದು ಹಾಡು ಹಚ್ಚಿ, ಹೆಸರಿನ ಪಕ್ಕದ ಹಸಿರು ಪಟ್ಟಿ ಗಮನಿಸಿ. ಅದು ಕುಣಿಯುತ್ತಿದ್ದೂ ಸದ್ದಿಲ್ಲವೆಂದರೆ ಸಾಮಾನ್ಯವಾಗಿ ವಿಂಡೋಸ್ ತಪ್ಪಲ್ಲ. ಪಿನ್ ಹಿಂಬದಿಯ ಹಸಿರು ಜಾಕ್‌ನಲ್ಲಿದೆಯೇ ನೋಡಿ (ಗುಲಾಬಿ ಮೈಕ್‌ಗೆ, ನೀಲಿ ಹೊರಗಿನ ಧ್ವನಿ ಒಳತರಲು). ಅದೇ ಸ್ಪೀಕರನ್ನು ಮೊಬೈಲ್‌ಗೆ ಹಾಕಿಯೂ ಪರೀಕ್ಷಿಸಿ.

ಹಸಿರು ಪಟ್ಟಿ ಅಲುಗಾಡದಿದ್ದರೆ ಆ ಪ್ರೋಗ್ರಾಮ್ ವಾಲ್ಯೂಮ್ ಮಿಕ್ಸರ್‌ನಲ್ಲಿ ಮ್ಯೂಟ್ ಆಗಿರಬಹುದು, ಇಲ್ಲವೇ ‘ವಿಂಡೋಸ್ ಆಡಿಯೊ’ ಸರ್ವಿಸ್ ನಿಂತಿರಬಹುದು. ಸ್ಪೀಕರ್ ಹೆಸರೇ ಇಲ್ಲವೆಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರಿಯಲ್‌ಟೆಕ್ ಆಡಿಯೊವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಡ್ರೈವರನ್ನು (ಸೌಂಡ್ ಚಿಪ್ ನಡೆಸುವ ತಂತ್ರಾಂಶ) ವಿಂಡೋಸ್ ತಾನೇ ಮತ್ತೆ ಕೂರಿಸುತ್ತದೆ. ಅಲ್ಲಿಯೂ ಹೆಸರಿಲ್ಲದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಆನ್‌ಬೋರ್ಡ್ ಆಡಿಯೊ ಆಫ್ ಆಗಿದೆಯೇ ನೋಡಬೇಕು. ಇಷ್ಟೆಲ್ಲ ಆಗುವವರೆಗೆ ಫಾರ್ಮ್ಯಾಟ್ ಮಾತೇ ಬೇಡ.

ಪ್ರಶ್ನೆ: ಕಂಪ್ಯೂಟರನ್ನು ಆಂಪ್ಲಿಫೈಯರ್‌ಗೆ ಜೋಡಿಸಿದರೆ ‘ಗುಂಯ್’ ಎಂಬ ಸದ್ದು. ಮೌಸ್ ಅಲ್ಲಾಡಿಸಿದಾಗ ಸಣ್ಣ ಕಿರಕಿರ ಬೇರೆ. ಪ್ಲಗ್‌ನ ಅರ್ಥಿಂಗ್ ಪಿನ್ ತೆಗೆದರೆ ನಿಲ್ಲುತ್ತದಂತೆ, ಹೌದೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಲ್ಲಬಹುದು, ಆದರೆ ದಯವಿಟ್ಟು ತೆಗೆಯಬೇಡಿ. ಕಂಪ್ಯೂಟರ್‌ನ ಎಸ್‌ಎಂಪಿಎಸ್‌ನಲ್ಲಿ (ಅಂದರೆ ಪವರ್ ಸಪ್ಲೈನಲ್ಲಿ) ಕರೆಂಟಿನ ಲೈನಿನಿಂದ ಲೋಹದ ಪೆಟ್ಟಿಗೆಗೆ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆ ಮುಟ್ಟಿದಾಗ ಜುಂ ಎನ್ನುವುದು ಅದರಿಂದಲೇ. ಒಳಗೆ ಎಲ್ಲಾದರೂ ಶಾರ್ಟ್ ಆದರೆ ಆ ಜುಂ ಜೀವಕ್ಕೇ ಬರುತ್ತದೆ.

ಗುಂಯ್ ಎನ್ನುವುದು ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಬೇರೆಬೇರೆ ದಾರಿಯಲ್ಲಿ ಅರ್ಥ್ ಸಿಕ್ಕಿ, ಆಡಿಯೊ ವೈರು ಆ ಎರಡನ್ನೂ ಬೆಸೆದಾಗ ಸುತ್ತು ಪೂರ್ತಿಯಾಗಿ ಅದರಲ್ಲಿ ಕರೆಂಟು ಹರಿಯುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಂಪ್ಲಿಫೈಯರ್‌ಗೆ ಸೆಟ್‌ಟಾಪ್ ಬಾಕ್ಸ್ ಸೇರಿದ್ದರೆ ಅದರ ಕೇಬಲ್ ಟಿವಿ ವೈರು ಕಿತ್ತು ಕೇಳಿ. ಎಷ್ಟೋ ಮನೆಗಳಲ್ಲಿ ಕಳ್ಳ ಅಲ್ಲೇ ಇರುತ್ತಾನೆ. ಇನ್ನೂ ಇದ್ದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಕೇಳಿ ತನ್ನಿ. ಕಾರ್ ಸ್ಟೀರಿಯೊ ಅಂಗಡಿಗಳಲ್ಲೂ ಸಿಗುತ್ತದೆ. ಒಳಗಿನ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಧ್ವನಿಯನ್ನು ದಾಟಿಸಿ, ವೈರಿನ ನೇರ ಸಂಪರ್ಕ ತಪ್ಪಿಸುತ್ತವೆ. ತೀರಾ ಅಗ್ಗದ್ದರಲ್ಲಿ ಬೇಸ್ ಸ್ವಲ್ಪ ಸೊರಗುತ್ತದೆ. ಎರಡೂ ಕಡೆ ಆಪ್ಟಿಕಲ್ ಸಾಕೆಟ್ ಇದ್ದರೆ ಅದೇ ಉತ್ತಮ. ಅಲ್ಲಿ ಹೋಗುವುದು ಬೆಳಕು, ಕರೆಂಟಲ್ಲ. ಆಡಿಯೊ ವೈರುಗಳನ್ನೆಲ್ಲ ಕಿತ್ತರೂ ಗುಂಯ್ ಉಳಿದರೆ ದೋಷ ಆಂಪ್ಲಿಫೈಯರ್‌ನದೇ, ಬಹುಶಃ ಅದರ ಫಿಲ್ಟರ್ ಕೆಪಾಸಿಟರ್ ಸತ್ತಿದೆ.

ಮೌಸಿನ ಕಿರಕಿರವೂ ಹೆಚ್ಚಾಗಿ ಇದೇ ಸುತ್ತಿನಲ್ಲಿ ಬರುತ್ತದೆ. ಐಸೊಲೇಟರ್ ಹಾಕಿದ ಮೇಲೂ ಉಳಿದರೆ ಮದರ್‌ಬೋರ್ಡಿನದು. ಹೊರಗಿನ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ. ಕಂಪ್ಯೂಟರಿನ ವಾಲ್ಯೂಮ್ 80ರ ಮೇಲಿಟ್ಟು ಆಂಪ್ಲಿಫೈಯರ್‌ನಲ್ಲಿ ತಗ್ಗಿಸಿಕೊಂಡರೂ ಕಿರಕಿರ ಕಡಿಮೆಯಾಗುತ್ತದೆ.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಮೀಟಿಂಗ್ ಶುರುವಾದರೆ ಹಳೇ ಟೆಲಿಫೋನಿನ ಹಾಗೆ. ಸೆಟ್ ಕೆಟ್ಟಿದೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಕೇಳುವುದಕ್ಕಷ್ಟೇ ಬಳಸಿದಾಗ ಸ್ಟೀರಿಯೊ ಧ್ವನಿ ಬರುತ್ತದೆ. ಹೆಡ್‌ಸೆಟ್‌ನ ಮೈಕ್ ಕೂಡ ಆನ್ ಆದರೆ ಬ್ಲೂಟೂತ್ ಫೋನ್ ಕರೆಯ ಕ್ರಮಕ್ಕೆ ಇಳಿದು ಮಾನೋ (ಎರಡೂ ಕಿವಿಗೆ ಒಂದೇ ಧ್ವನಿ) ಆಗುತ್ತದೆ. ಮೀಟಿಂಗ್ ಆ್ಯಪ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಮೈಕ್ರೊಫೋನ್ ಜಾಗದಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ವಿಂಡೋಸ್ 10ರಲ್ಲಿ ಹೆಡ್‌ಸೆಟ್ ಎರಡು ಹೆಸರಲ್ಲಿ ಕಾಣುತ್ತದೆ; ಸ್ಪೀಕರ್‌ಗೆ ‘ಸ್ಟೀರಿಯೊ’ ಎಂದಿರುವುದನ್ನೇ ಆರಿಸಬೇಕು, ‘ಹ್ಯಾಂಡ್ಸ್ ಫ್ರೀ’ ಅಲ್ಲ.

ಪ್ರಶ್ನೆ: ಮೊಬೈಲಿನ ಇಯರ್‌ಫೋನ್ ಡೆಸ್ಕ್‌ಟಾಪ್‌ಗೆ ಹಾಕಿದರೆ ಕೇಳಿಸುತ್ತದೆ, ಮೈಕ್ ಕೆಲಸ ಮಾಡುವುದಿಲ್ಲ.
– ಓದುಗರು, ಪುತ್ತೂರು

ಉತ್ತರ: ಅದರ ಪಿನ್‌ನಲ್ಲಿ ಮೂರು ಗೆರೆಗಳಿವೆ, ಅಂದರೆ ನಾಲ್ಕು ಸಂಪರ್ಕ. ಡೆಸ್ಕ್‌ಟಾಪಿನ ಹಸಿರು ಜಾಕ್‌ಗೆ ಮೂರೇ ಸಾಕು, ಮೈಕಿನದು ಅನಾಥ. ಒಂದು ಕಡೆ ಇಯರ್‌ಫೋನ್ ಹಾಕಿ ಇನ್ನೊಂದು ಕಡೆ ಹಸಿರು, ಗುಲಾಬಿ ಎರಡಕ್ಕೂ ಚುಚ್ಚುವ ವೈ ಆಕಾರದ ಸ್ಪ್ಲಿಟರ್ ಕೊಳ್ಳಿ. ಅಂಗಡಿಯಲ್ಲಿ ‘ಮೈಕ್ ಮತ್ತು ಹೆಡ್‌ಫೋನ್’ ಸ್ಪ್ಲಿಟರ್ ಎಂದೇ ಕೇಳಿ. ಇಬ್ಬರು ಒಟ್ಟಿಗೆ ಹಾಡು ಕೇಳುವ ಸ್ಪ್ಲಿಟರ್ ನೋಡಲು ಹಾಗೇ ಇರುತ್ತದೆ, ಇದಕ್ಕೆ ಬರುವುದಿಲ್ಲ.