ಎದೆಗೆ ಹರಿದ ಕತ್ತುನೋವು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವ್ಯಕ್ತಿಯ ವಿವರಗಳನ್ನು ಬದಲಿಸಲಾಗಿದೆ.)

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ತಪಾಸಣೆಗಾಗಿ ಸಾಲುಗಟ್ಟಿದ್ದ ದಿನಗಳ ಭಯವನ್ನು ಹೊತ್ತುಕೊಂಡೇ ಇವರು ನನ್ನಲ್ಲಿಗೆ ಬಂದರು. ವೃತ್ತಿಯಲ್ಲಿ ದರ್ಜಿ, ವಯಸ್ಸು ನಲವತ್ತು ದಾಟಿತ್ತು. ಎಡ ಹೆಗಲಿನ ಹಿಂಭಾಗದಲ್ಲಿ ಶುರುವಾಗುವ ನೋವು ಕತ್ತಿಗೇರಿ, ಒಮ್ಮೊಮ್ಮೆ ಎದೆಗೂ ತೋಳಿಗೂ ಹರಿಯುತ್ತಿತ್ತು. ಹೃದಯದ ಪರೀಕ್ಷೆಗಳಾದ ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ, ಟಿಎಂಟಿ ಎಲ್ಲವೂ ಸರಿಯಾಗಿದ್ದವು. "ನಿಮಗೇನೂ ಇಲ್ಲ, ಟೆನ್ಷನ್ ಬಿಡಿ" ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಆದರೆ ನೋವು ಹೋಗಿರಲಿಲ್ಲವಾದ್ದರಿಂದ, ಪರೀಕ್ಷೆಗೂ ಸಿಗದ ಹೃದ್ರೋಗ ತಮಗಿದೆ ಎಂದೇ ಅವರು ನಂಬಿದ್ದರು. ಮಹಡಿ ಹತ್ತುವುದನ್ನು ಬಿಟ್ಟಿದ್ದರು, ಎಡಮಗ್ಗುಲಿಗೆ ಮಲಗಲೂ ಹೆದರುತ್ತಿದ್ದರು.

ಮಾತನಾಡುವಾಗ ಅವರ ಬಲಗೈ ಬೆರಳುಗಳು ಎಡ ಮಣಿಕಟ್ಟಿನ ನಾಡಿಯನ್ನು ಬಿಡುತ್ತಿರಲಿಲ್ಲ. ಸಾವಿನ ಮಾತು ಬಂದಾಗಲೆಲ್ಲ ಎಡ ಹೆಗಲು ಕಿವಿಯತ್ತ ಏರುತ್ತಿತ್ತು. ನೋವು ಯಾವಾಗ ಹೆಚ್ಚುತ್ತದೆ ಎಂದು ಕೇಳಿದೆ. ನಡೆದಾಗ ಅಲ್ಲ, ಬಗ್ಗಿ ಕುಳಿತು ತುಂಬಾ ಹೊತ್ತು ಹೊಲಿದ ಮೇಲೆ, ಕತ್ತನ್ನು ಎಡಕ್ಕೆ ತಿರುಗಿಸಿದಾಗ ಎಂದರು. ಇದನ್ನು ಬರೆದುಕೊಟ್ಟು ಮೂಳೆ ವೈದ್ಯರ ಬಳಿಗೆ ಕಳುಹಿಸಿದೆ. ಕತ್ತಿನ ಕೆಳಭಾಗದಲ್ಲಿ ನರದ ಬೇರು ಒತ್ತಿಕೊಂಡಿದೆ ಎಂದು ಅವರು ಗುರುತಿಸಿ, ಫಿಸಿಯೋಥೆರಪಿ ಸೂಚಿಸಿದರು.

ನೋಯುತ್ತಿರುವವರಿಗೆ "ಏನೂ ಇಲ್ಲ" ಎಂಬ ಮಾತು ಸಮಾಧಾನ ತರುವುದಿಲ್ಲ, ನೋವು ಎಲ್ಲಿಂದ ಬರುತ್ತಿದೆ ಎಂದು ಹೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕತ್ತಿನಿಂದ ಹೊರಡುವ ನರಗಳು ತೋಳಿಗಷ್ಟೇ ಅಲ್ಲ, ಎದೆಯ ಮೇಲಿನ ಸ್ನಾಯುಗಳಿಗೂ ಹೋಗುವುದರಿಂದ, ಅಲ್ಲಿ ಒತ್ತಡ ಬಿದ್ದರೆ ನೋವು ಎದೆಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೆ ಹೆದರಿದಾಗ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ, ಉಸಿರಾಟದ ವೇಗ ಹೆಚ್ಚಿ ಬೆರಳುಗಳು ಜುಮುಗುಟ್ಟುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ಇವರು ಹೃದಯಾಘಾತದ ಮುನ್ಸೂಚನೆ ಎಂದು ತಿಳಿದದ್ದು ಇದನ್ನೇ. ಇಷ್ಟನ್ನು ಚಿತ್ರ ಬರೆದು ವಿವರಿಸಿದ ದಿನ ಅವರು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು.

ಅರ್ಧ ಗಂಟೆಗೊಮ್ಮೆ ಯಂತ್ರ ಬಿಟ್ಟು ಏಳುವುದು, ನಾಡಿ ನೋಡಿಕೊಳ್ಳಬೇಕೆನಿಸಿದಾಗ ಅದನ್ನು ಹತ್ತು ನಿಮಿಷ ಮುಂದೂಡಿ ನಿಧಾನವಾಗಿ ಉಸಿರು ಬಿಡುವುದು, ವೈದ್ಯರು ಒಪ್ಪಿದ ಮೇಲೆ ಮೆಟ್ಟಿಲುಗಳನ್ನು ಮತ್ತೆ ಸ್ವಲ್ಪಸ್ವಲ್ಪವಾಗಿ ಹತ್ತುವುದು ನಾನು ಕೊಟ್ಟ ಸಲಹೆಗಳು. "ಈಗ ಹೇಗಿದೆ ರೀ?" ಎಂದು ಪದೇಪದೇ ಕೇಳುತ್ತಿದ್ದ ಪತ್ನಿಗೆ, ಹಾಗೆ ಕೇಳುವ ಬದಲು ಸಂಜೆ ಜೊತೆಯಲ್ಲಿ ನಡೆಯಲು ಹೇಳಿದೆ.

ಇದನ್ನು ಓದಿ ಯಾರೂ ತಮ್ಮ ಎದೆನೋವನ್ನು ಕತ್ತಿನದೆಂದು ತಾವೇ ತೀರ್ಮಾನಿಸಬಾರದು. ಇವರ ವಿಷಯದಲ್ಲೂ ಹೃದಯದ ಪರೀಕ್ಷೆಯೇ ಮೊದಲು ಆದದ್ದು, ಅದೇ ಸರಿ. ಎದೆ ಹಿಂಡಿದಂತಾಗಿ ಬೆವರು, ಏದುಸಿರು, ವಾಕರಿಕೆ ಬಂದರೆ, ಅಥವಾ ನೋವು ದವಡೆಗೆ ಹರಡಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ಉಸಿರಾಟದ ತೊಂದರೆಯಾಗಿಯೂ ಹೃದಯಾಘಾತ ಬರಬಹುದು. ಇನ್ನು, ಕತ್ತುನೋವಿನ ಜೊತೆ ಕೈಯ ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ ಅಥವಾ ಮೂತ್ರದ ಮೇಲೆ ಹತೋಟಿ ತಪ್ಪಿದರೆ, ವ್ಯಾಯಾಮ ಮಾಡುತ್ತ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.