ಆಸ್ಪತ್ರೆಯಿಂದ ಬರುವ ತಾಯಿಗೆ ನಾಯಿ ಸತ್ತ ವಿಷಯವನ್ನು ಯಾವಾಗ ಹೇಳಬೇಕು?

ನಿಮ್ಮ ತಾಯಿಯವರು ಗುರುವಾರ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ, ಅವರು ಹದಿಮೂರು ವರ್ಷ ಸಾಕಿದ ನಾಯಿ ಈ ನಡುವೆ ತೀರಿಕೊಂಡಿದೆ, ಅವರ ಹೃದಯ ಈ ಸುದ್ದಿಯನ್ನು ತಾಳಲಾರದೆಂಬ ಭಯ ನಿಮಗಿದೆ, ಆದ್ದರಿಂದ ಅವರು ಚೇತರಿಸಿಕೊಳ್ಳುವವರೆಗೆ ವಿಷಯ ಮುಚ್ಚಿಟ್ಟು ಅಷ್ಟರಲ್ಲಿ ಅದೇ ಬಣ್ಣದ ಮರಿಯೊಂದನ್ನು ತಂದಿಡಬಹುದೇ ಎಂದು ಕೇಳಿದ್ದೀರಿ. ಬೇಡ. ನಾನು ಇದನ್ನೇ ಮಾಡಿದವನು.

ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಒಂದು ಸಣ್ಣ ಕಾಫಿ ತೋಟ. 2004ರ ಮಳೆಗಾಲದಲ್ಲಿ ಅಪ್ಪ ಕಂಬಳಿಯಲ್ಲಿ ಸುತ್ತಿಕೊಂಡು ತಂದ ಕಪ್ಪು ನಾಟಿ ಮರಿಗೆ ಕರಿಯ ಎಂಬ ಹೆಸರಾಯಿತು. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರವಿದ ಕಾಫಿಯ ಪಕ್ಕದಲ್ಲಿ ರಾತ್ರಿಯಿಡೀ ಮಲಗುವುದು, ಗದ್ದೆಯ ಅಂಚಿಗೆ ಹಂದಿ ಬಂದರೆ ಊರೆಲ್ಲ ಏಳುವಂತೆ ಬೊಗಳುವುದು, ಇವೆರಡೇ ಅವನ ಕೆಲಸ. 2018ರಲ್ಲಿ ಅವನು ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿದ, ಜಗಲಿಯಲ್ಲೇ ಮೂತ್ರ ಮಾಡಿಕೊಳ್ಳತೊಡಗಿದ, ಬಾಯಿಂದ ಕೆಟ್ಟ ವಾಸನೆ ಬರತೊಡಗಿತು. ಮುದಿತನ ಎಂದು ನಾವು ಸುಮ್ಮನಿದ್ದೆವು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಪಶುವೈದ್ಯರು ಮೂತ್ರಪಿಂಡ ಸೋತಿದೆ ಎಂದರು; ಅದರ ಶಕ್ತಿ ಸುಮಾರು ಮುಕ್ಕಾಲು ಪಾಲು ಕುಂದಿದ ಮೇಲೆಯೇ ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಸಾಮಾನ್ಯವಾಗಿ ಏರುತ್ತದೆ, ಆದ್ದರಿಂದ ಇನ್ನು ಊಟ ಬದಲಿಸಬಹುದು, ನೀರನ್ನು ಮಾತ್ರ ಎಂದೂ ತಡೆಯಬಾರದು, ಅದಕ್ಕಿಂತ ಹೆಚ್ಚಿನದು ಕೈಯಲ್ಲಿಲ್ಲ ಎಂದು ಅಪ್ಪನ ಎದುರಿಗೇ ಬಿಡಿಸಿ ಹೇಳಿದರು. ಅಂದರೆ ಅಪ್ಪನಿಗೆ ಎಲ್ಲವೂ ಗೊತ್ತಿತ್ತು. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಡಿಸೆಂಬರಿನಲ್ಲಿ ಅಪ್ಪನಿಗೆ ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಕನ ಮನೆಯಲ್ಲಿ ನಾಲ್ಕು ದಿನ ಉಳಿಯುವುದೆಂದು ತೀರ್ಮಾನವಾಗಿತ್ತು. ಹೊರಡುವಾಗ ಅಪ್ಪ ಕರಿಯನ ತಲೆ ಸವರಿ, ನನ್ನ ಕಡೆ ತಿರುಗಿ, "ಏನಾದ್ರೂ ಆದ್ರೆ ಫೋನ್ ಮಾಡು, ಬರ್ತೀನಿ" ಎಂದರು. ಮೂರನೆಯ ದಿನ ಬೆಳಿಗ್ಗೆ ಕಣದ ಮೂಲೆಯ ಗೋಣಿಚೀಲದ ಮೇಲೆ ಅವನು ತಣ್ಣಗಾಗಿದ್ದ.

ನಾನು ಫೋನ್ ಮಾಡಲಿಲ್ಲ. ಹಲಸಿನ ಮರದ ಬುಡದಲ್ಲಿ, ಬಾವಿಯಿಂದ ದೂರಕ್ಕೆ, ಹಂದಿಗಳು ಕೆದಕದಂತೆ ಎದೆಮಟ್ಟದ ಗುಂಡಿ ತೆಗೆಸಿ, ಹೂತು, ಮೇಲೆ ಕಲ್ಲು ಹೇರಿಸಿದೆ. ಅವನ ತಟ್ಟೆಯನ್ನು ತೊಳೆದು ಸೌದೆಕೊಟ್ಟಿಗೆಯಲ್ಲಿ ಮಗುಚಿಟ್ಟೆ, ಗೋಣಿಚೀಲವನ್ನು ಸುಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವೂ ಮುಗಿದಿತ್ತು, ನಾನು ಬಹಳ ಜವಾಬ್ದಾರಿಯಿಂದ ನಡೆದುಕೊಂಡೆನೆಂಬ ಹೆಮ್ಮೆಯೂ ಇತ್ತು.

ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಇದೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಅಳಬಾರದು, ಅತ್ತರೆ ಹೊಲಿಗೆಗೋ ಮಸೂರಕ್ಕೋ ಏನೋ ಆಗುತ್ತದೆ ಎಂದು ನಾನು ನನ್ನಷ್ಟಕ್ಕೇ ನಂಬಿಕೊಂಡೆ. ಯಾರನ್ನೂ ಕೇಳಲಿಲ್ಲ. ಒಂದು ತಿಂಗಳ ನಂತರ ತಪಾಸಣೆಗೆ ಹೋದಾಗ ಕೇಳಿದರೆ ವೈದ್ಯರು ನಕ್ಕು, ಕಣ್ಣನ್ನು ಕೈಯಿಂದ ಉಜ್ಜಬಾರದು, ಕೊಳಕು ನೀರು ಬೀಳಬಾರದು, ಕಣ್ಣೀರಿನಿಂದ ಯಾವ ತೊಂದರೆಯೂ ಇಲ್ಲ ಎಂದರು. ಆದರೆ ನಿಜ ಹೇಳಬೇಕೆಂದರೆ ಕಣ್ಣಿನ ವಿಚಾರ ಒಂದು ನೆಪ ಮಾತ್ರವಾಗಿತ್ತು. ಎಪ್ಪತ್ತು ದಾಟಿದ ಅಪ್ಪ ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಆ ಅಂಜಿಕೆಗೆ ಅವರ ಆರೋಗ್ಯದ ಹೆಸರು ಕೊಟ್ಟೆ. ನಿಮ್ಮ ತಾಯಿಯವರ ಹೃದಯದ ಬಗ್ಗೆ ನೀವು ಬರೆದಿರುವುದನ್ನು ಅವರ ವೈದ್ಯರಿಗೆ ಒಂದು ಮಾತು ಹೇಳಿ ಕೇಳಿದ್ದೀರಾ? ಇಲ್ಲವಾದರೆ ಇವತ್ತೇ ಕೇಳಿ.

ಅಪ್ಪ ಬಂದಾಗ, ಕರಿಯನನ್ನು ಮೂಡಿಗೆರೆ ಕಡೆಯ ಚಿಕ್ಕಪ್ಪನ ತೋಟದಲ್ಲಿ ಬಿಟ್ಟಿದ್ದೇವೆ, ಅಲ್ಲಿ ನೋಡಿಕೊಳ್ಳಲು ಜನರಿದ್ದಾರೆ ಎಂದೆ. ಅಪ್ಪ ತಲೆಯಾಡಿಸಿದರು. ಪ್ರತಿ ಸಂಜೆ ಔಷಧಿಯ ಹನಿ ಹಾಕಿಸಿಕೊಳ್ಳುವಾಗ "ಕರಿಯ ಊಟ ಮಾಡ್ತಿದಾನಂತಾ?" ಎಂದು ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಹನ್ನೆರಡು ದಿನ ಹೀಗೆ ನಡೆಯಿತು. ಹದಿಮೂರನೆಯ ದಿನ ನಾನು ಪರಿಚಯದವರ ಮನೆಯಿಂದ ಕಪ್ಪು ಮರಿಯೊಂದನ್ನು ತಂದು, ಸೌದೆಕೊಟ್ಟಿಗೆಯಿಂದ ಅದೇ ತಟ್ಟೆಯನ್ನು ತೆಗೆದು ಹಾಲು ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಬಂದ ಮಾರನೇ ದಿನವೇ ಹಲಸಿನ ಮರದ ಬುಡ ನೋಡಿದೀನಿ ಕಣೋ. ನೀನಾಗೇ ಹೇಳ್ತೀಯೇನೋ ಅಂತ ದಿನಾ ಕೇಳ್ತಿದ್ದೆ" ಎಂದರು.

ಅಪ್ಪ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು. ಆತಕೂರು ಶಾಸನವನ್ನು ಪ್ರತಿ ವರ್ಷ ಮಕ್ಕಳಿಗೆ ಕಥೆಯಂತೆ ಹೇಳುತ್ತಿದ್ದರು: ಸುಮಾರು ಕ್ರಿ.ಶ. 950ರಲ್ಲಿ ಮಣಲೆರನೆಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅವತ್ತು ಅಪ್ಪ ನನ್ನನ್ನು ಬೈಯಲಿಲ್ಲ. "ಕಾಳಿಗೆ ಕಲ್ಲು ಹಾಕ್ಸಿದ ನಾಡಲ್ಲಿ ನನ್ನ ನಾಯಿಗೆ ಒಂದು ಹಿಡಿ ಮಣ್ಣು ಹಾಕೋಕೂ ನನ್ನನ್ನ ಕರೀಲಿಲ್ವಲ್ಲ" ಎಂದಷ್ಟೇ ಹೇಳಿ, ಮರಿಯನ್ನು ಅದರ ತಾಯಿಯ ಹತ್ತಿರ ಬಿಟ್ಟು ಬರಲು ಹೇಳಿದರು.

ಇದರ ಬೆಲೆ ಅಲ್ಲಿಗೆ ತೀರಲಿಲ್ಲ. ಎರಡು ವರ್ಷದ ನಂತರ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಹೆದರುವಂಥದ್ದೇನಿಲ್ಲ ಎಂದು ನಾನು ನಿಜವನ್ನೇ ಫೋನಿನಲ್ಲಿ ಹೇಳಿದರೆ, ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ನಿಜವಾ, ಇಲ್ಲ ಕರಿಯನ ವಿಷಯದ ಹಾಗಾ?" ಎಂದು ಕೇಳಿದರು.

ಆದ್ದರಿಂದ ಯಾವಾಗ ಹೇಳಬೇಕೆಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ವೈದ್ಯರು ಬೇಡವೆನ್ನದಿದ್ದರೆ ಗುರುವಾರದವರೆಗೂ ಕಾಯದೆ, ಅವರ ಪಕ್ಕದಲ್ಲಿ ಕುಳಿತು, "ಸತ್ತುಹೋಯಿತು" ಎಂಬ ಮಾತನ್ನೇ ಬಳಸಿ ಹೇಳಿ. ಕೊನೆಯ ದಿನ ಅದು ಎಲ್ಲಿ ಮಲಗಿತ್ತು, ಏನು ತಿಂದಿತ್ತು ಎಂದು ಅವರು ಕೇಳಿಯೇ ಕೇಳುತ್ತಾರೆ, ಎಲ್ಲವನ್ನೂ ಹೇಳಿ. ಮನೆಗೆ ಬಂದ ದಿನ ಅವರು ನಡೆಯಬಲ್ಲವರಾದರೆ ಹೂತ ಜಾಗಕ್ಕೆ ಕರೆದುಕೊಂಡು ಹೋಗಿ. ತಟ್ಟೆ, ಸರಪಳಿ, ಹಾಸಿದ ಚೀಲ ಯಾವುದನ್ನೂ ತೆಗೆದಿಡಬೇಡಿ, ಬೇಕಾದಾಗ ಅವರೇ ತೆಗೆಯುತ್ತಾರೆ. ಮರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ವಾಪಸ್ಸು ಕೇಳಿ ನೋಡಿ. ಕೊಡದಿದ್ದರೆ ಆ ಹಣ ಹೋಗಲಿ.