ಲ್ಯಾಬಿನಲ್ಲಿ ಯಾರಿಗೂ ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟಿಲ್ಲ, ಆದರೂ ಕರ್ನಲ್ ಅಪ್‌ಡೇಟ್ ಬೇಕಾ?

ವಿಜಯಪುರದಲ್ಲಿ ಕಾಲೇಜು ಲ್ಯಾಬ್ ನೋಡಿಕೊಳ್ಳುವ ನೀವು ಕೇಳಿದ್ದೀರಿ: ಹುಡುಗರಿಗೆ ಸಾದಾ ಅಕೌಂಟ್ ಅಷ್ಟೇ ಇದೆ, ಎಲ್ಲ ಅಧಿಕಾರ ಇರುವ ರೂಟ್ ಅಕೌಂಟ್‌ನ ಪಾಸ್‌ವರ್ಡ್ ನಿಮ್ಮೊಬ್ಬರ ಹತ್ತಿರ, ಹೊರಗಿನವರು ಬರದಂತೆ ಫೈರ್‌ವಾಲ್ ಇದೆ. ಹಾಗಿದ್ದರೂ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸಿಕ್ಕ ಡರ್ಟಿ ಪೈಪ್ ಎಂಬ ಭದ್ರತಾ ದೋಷದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ?

ಬೇಕೇ ಬೇಕು ಸರ್. ಬೆಳಗಾವಿಯಲ್ಲಿ ನಾನೂ ಇದೇ ಕೆಲಸದಲ್ಲಿದ್ದೇನೆ. ಡರ್ಟಿ ಪೈಪ್‌ಗೆ ಬೇಕಿರುವುದೇ ಒಂದು ಸಾದಾ ಲಾಗಿನ್. ಅದನ್ನು ಪ್ರತಿ ವರ್ಷ ನಾವೇ ಇಡೀ ತರಗತಿಗೆ ಹಂಚುತ್ತೇವಲ್ಲ!

ಒಳಗೆ ಆಗುವುದು ಇಷ್ಟು. ಫೈಲ್ ಓದಿದಾಗ ಕರ್ನಲ್ ಅದರ ಪ್ರತಿಯನ್ನು ಪೇಜ್ ಎಂಬ ತುಂಡುಗಳಾಗಿ ಮೆಮೊರಿಯಲ್ಲಿ, ಅಂದರೆ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸ್ಪ್ಲೈಸ್ ಎಂಬ ಕರೆ ಬಳಸಿದರೆ ಆ ಪೇಜನ್ನೇ ಪೈಪ್‌ಗೆ (ಡೇಟಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಸುವ ದಾರಿ) ಜೋಡಿಸುತ್ತದೆ, ಕಾಪಿ ಮಾಡುವುದಿಲ್ಲ. 'ಮುಂದಿನ ಡೇಟಾವನ್ನು ಇದೇ ಪೇಜ್‌ಗೆ ಸೇರಿಸಬಹುದು' ಎಂದು ಹೇಳುವ ಫ್ಲ್ಯಾಗ್ (ಗುರುತು) ಒಂದಿದೆ. ಹೊಸ ಪೇಜ್ ಜೋಡಿಸುವಾಗ ಹಳೆಯ ಫ್ಲ್ಯಾಗ್ ಅಳಿಸಬೇಕಿತ್ತು, ಅಳಿಸುತ್ತಿರಲಿಲ್ಲ. ಹಾಗಾಗಿ ಪೈಪ್‌ಗೆ ಬರೆದದ್ದು ಸೀದಾ ಆ ಫೈಲ್‌ನ ಪೇಜ್ ಮೇಲೆ ಬೀಳುತ್ತದೆ. ಓದುವ ಅನುಮತಿ ಇದ್ದರೆ ಸಾಕು. ಅಕೌಂಟ್‌ಗಳ ಪಟ್ಟಿ ಇರುವ ಪಾಸ್‌ಡಬ್ಲ್ಯೂಡಿ ಫೈಲನ್ನು ಎಲ್ಲರೂ ಓದಬಹುದು. ಅದರಲ್ಲಿ ರೂಟ್‌ನ ಸಾಲು ತಿದ್ದಿದರೆ ಮುಗೀತು, ಎಲ್ಲರ ಹೋಮ್ ಫೋಲ್ಡರ್, ಇಂಟರ್ನಲ್ಸ್ ಅಂಕಗಳ ಫೈಲ್ ಎಲ್ಲವೂ ತಿದ್ದಿದವನ ಕೈಯಲ್ಲಿ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ತಿದ್ದಿದ್ದು ಮೆಮೊರಿಯಲ್ಲಿ ಮಾತ್ರ, ಡಿಸ್ಕ್‌ನಲ್ಲಿ ಹಳೆಯದೇ ಇರಬಹುದು. ರೀಬೂಟ್ ಆದರೆ ಗುರುತೂ ಸಿಗದೆ ಹೋಗಬಹುದು.

ಈ ದೋಷವನ್ನು ಹಿಡಿದ ಡೆವಲಪರ್ ಮ್ಯಾಕ್ಸ್ ಕೆಲ್ಲರ್‌ಮನ್ ಹುಡುಕುತ್ತಿದ್ದದ್ದು ಬಗ್ ಅಲ್ಲ. ಅವರ ಸರ್ವರ್‌ನ ಲಾಗ್ ಫೈಲ್‌ಗಳು ಆಗಾಗ ಕೆಡುತ್ತಿದ್ದವು, ಪ್ರತಿ ಸಲ ಕೊನೆಯ 8 ಬೈಟ್ ಮಾತ್ರ. ಅದರ ಬೆನ್ನು ಹತ್ತಿ ಕರ್ನಲ್‌ವರೆಗೆ ಹೋದರು. 2022ರ ಮಾರ್ಚ್‌ನಲ್ಲಿ ವಿಷಯ ಹೊರಬಂತು. ಇಂಥ ತಾಳ್ಮೆಗೆ ಕೈ ಮುಗಿಯಬೇಕು.

ತೊಂದರೆ ಇರುವುದು 5.8ರಿಂದ ಈಚಿನ ಕರ್ನಲ್‌ಗಳಲ್ಲಿ. 5.16.11, 5.15.25, 5.10.102ರಲ್ಲಿ ಮತ್ತು ಅವುಗಳ ನಂತರದವುಗಳಲ್ಲಿ ಸರಿಯಾಗಿದೆ. ಉಬುಂಟುವಿನಂಥ ಲಿನಕ್ಸ್ ಹಂಚುವವರು ಹಳೆಯ ನಂಬರ್ ಇಟ್ಟುಕೊಂಡೇ ಒಳಗೆ ಸರಿ ಮಾಡುತ್ತಾರೆ, ಹಾಗಾಗಿ ಅವರ ಸೆಕ್ಯೂರಿಟಿ ನೋಟಿಸ್ ನೋಡಿ.

ಇನ್ನೊಂದು ಮಾತು. ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಹೊಸ ಕರ್ನಲ್ ಓಡುವುದಿಲ್ಲ, ರೀಬೂಟ್ ಆಗಬೇಕು. ನಮ್ಮ ಕಡೆ ಕರೆಂಟ್ ಹೋದರೂ ಯುಪಿಎಸ್ ಇರುತ್ತದೆ, ಸರ್ವರ್ ತಿಂಗಳುಗಟ್ಟಲೆ ಆಫ್ ಆಗುವುದೇ ಇಲ್ಲ. ಪ್ರಾಕ್ಟಿಕಲ್ ಮುಗಿದ ಮೇಲೆ ರೀಬೂಟ್ ಮಾಡಿ, ಯಾವ ಕರ್ನಲ್ ಓಡುತ್ತಿದೆ ಅಂತ ಟರ್ಮಿನಲ್‌ನಲ್ಲಿ ನೋಡಿ. ಹುಡುಗರು ಎಸ್‌ಎಸ್‌ಎಚ್ ಮಾಡುವ (ದೂರದಿಂದ ಲಾಗಿನ್ ಆಗುವ) ಸರ್ವರ್ ಮೊದಲು, ಉಳಿದ ಮೆಷಿನ್‌ಗಳು ಆಮೇಲೆ.